ಮೆದುಳಿಗೆ ಕೊಟ್ಟ ಗ್ರೆಲಿನ್, ಹಿಗ್ಗಿದ ಅಡ್ರಿನಲ್: ಪಿಟ್ಯುಟರಿಯೊಂದೇ ಕಾರಣವೇ?

ಪಿಟ್ಯುಟರಿ ತೆಗೆದ ಇಲಿಯ ಅಡ್ರಿನಲ್ ತೊಗಟೆ ಸೊರಗುವುದನ್ನು ಪಿ. ಇ. ಸ್ಮಿತ್ 1930ರಲ್ಲಿ ತೋರಿಸಿದರು. ಒತ್ತಡಕ್ಕೆ ಸಿಕ್ಕ ಇಲಿಯಲ್ಲಿ ಅಡ್ರಿನಲ್ ಹಿಗ್ಗುವುದನ್ನು ಹಾನ್ಸ್ ಸೆಲ್ಯೆ 1936ರಲ್ಲಿ ವರದಿ ಮಾಡಿದರು. ವೇಲ್ ಮತ್ತು ಸಂಗಡಿಗರು 1981ರಲ್ಲಿ ಪಿಟ್ಯುಟರಿಯಿಂದ ಎಸಿಟಿಎಚ್ ಹಾರ್ಮೋನನ್ನು ಬಿಡುಗಡೆ ಮಾಡಿಸುವ, 41 ಅಮೈನೊ ಆಮ್ಲಗಳ ಸಿಆರ್‌ಎಚ್ ಅನ್ನು ಗುರುತಿಸಿದ ಮೇಲೆ ಹೈಪೊಥಲಾಮಸ್‌ನಿಂದ ಅಡ್ರಿನಲ್‌ವರೆಗಿನ ಸರಣಿ ಪೂರ್ತಿಯಾಯಿತು. ಇಷ್ಟರಲ್ಲಿ ತಕರಾರಿಲ್ಲ.

ತಕರಾರು ಹುಟ್ಟುವುದು ಬೆಲ್‌ಗ್ರೇಡ್‌ನ ಮಿಲೊಸೆವಿಚ್ ತಂಡ 2010ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಓದುವ ಬಗೆಯಲ್ಲಿ. ಗಂಡು ಇಲಿಗಳ ಮೆದುಳಿನ ಕುಹರಕ್ಕೆ ಐದು ದಿನ ಹಸಿವಿನ ಹಾರ್ಮೋನು ಗ್ರೆಲಿನ್ ಕೊಟ್ಟಾಗ ಅಡ್ರಿನಲ್ ತೂಕ ಏರಿತು. ತೊಗಟೆಯ ಹೊರವಲಯ ಗ್ಲೊಮೆರುಲೋಸಾ, ನಡುವಲಯ ಫ್ಯಾಸಿಕ್ಯುಲೇಟಾ ಎರಡೂ ಹಿಗ್ಗಿದವು. ರಕ್ತದಲ್ಲಿ ಎಸಿಟಿಎಚ್, ಫ್ಯಾಸಿಕ್ಯುಲೇಟಾದ ಕಾರ್ಟಿಕೊಸ್ಟೆರಾನ್, ಗ್ಲೊಮೆರುಲೋಸಾದ ಆಲ್ಡೊಸ್ಟೆರಾನ್ ಮೂರೂ ಹೆಚ್ಚಿದವು. ಎಸಿಟಿಎಚ್ ಏರಿದೆ, ಆದ್ದರಿಂದ ಗ್ರಂಥಿ ಬೆಳೆದಿದೆ ಎಂಬುದು ಸುಲಭದ ಓದು. ಫ್ಯಾಸಿಕ್ಯುಲೇಟಾದ ಮಟ್ಟಿಗೆ ಅದು ಸರಿಯೇ. ಗ್ಲೊಮೆರುಲೋಸಾಕ್ಕೆ ಅದು ಸಾಲದು. ಪಿಟ್ಯುಟರಿ ತೆಗೆದಾಗ ಒಳವಲಯಗಳು ಕುಗ್ಗಿದಷ್ಟು ಈ ವಲಯ ಕುಗ್ಗುವುದಿಲ್ಲ. ಎಸಿಟಿಎಚ್ ಅಲ್ಪಕಾಲ ಆಲ್ಡೊಸ್ಟೆರಾನನ್ನು ಏರಿಸುತ್ತದೆ, ನಿಜ. ಆದರೆ ದಿನಗಟ್ಟಲೆ ಕೊಟ್ಟರೆ ಇಲಿಯಲ್ಲಿ ಆಲ್ಡೊಸ್ಟೆರಾನ್ ಇಳಿಯುತ್ತದೆ. ಇನ್ನೂ ಒಂದು ಮಾತು: ಎಸ್ಟಿವಾರಿಸ್ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದಂತೆ, ಅಡ್ರಿನಲ್ ಜೀವಕೋಶಗಳ ವಿಭಜನೆಯನ್ನು ಪ್ರಚೋದಿಸುವ ಶಕ್ತಿ ಎಸಿಟಿಎಚ್‌ನ ಮೂಲ ಪ್ರೊಟೀನಿನ ಬೇರೆ ತುಣುಕುಗಳಿಗೂ ಇದೆ.

ಹಾಗಾದರೆ ಎರಡನೆಯ ದಾರಿ ನರದ್ದಿರಬಹುದೇ? ಒಂದು ಅಡ್ರಿನಲ್ ತೆಗೆದರೆ ಇನ್ನೊಂದು ಬೆಳೆಯುವುದು ನರಪ್ರತಿವರ್ತನೆಯಿಂದ ಎಂದು ಎಂಗಲಂಡ್ ಮತ್ತು ಡಾಲ್‌ಮನ್ 1975ರಲ್ಲೇ ವಾದಿಸಿದ್ದರು. ಕುಹರದ ಗ್ರೆಲಿನ್ ತನ್ನ ಪ್ರಭಾವದ ಒಂದು ಪಾಲನ್ನು ಸ್ಪ್ಲಾಂಕ್ನಿಕ್ ನರದ ಮೂಲಕ ಗ್ರಂಥಿಗೆ ಮುಟ್ಟಿಸುತ್ತಿರಬಹುದು ಎಂಬುದು ನನ್ನ ಊಹೆ. ಊಹೆ ಎಂದೇ ಹೇಳುತ್ತೇನೆ, ಏಕೆಂದರೆ ಬೇರೆ ವಿವರಣೆಗಳೂ ಇವೆ. ಗ್ರೆಲಿನ್ ಹಸಿವನ್ನು ಹೆಚ್ಚಿಸುತ್ತದೆ. ತಿನ್ನುವ ಪ್ರಮಾಣ, ಉಪ್ಪಿನ ಸೇವನೆ, ದೇಹತೂಕ ಬದಲಾದರೆ ಗ್ಲೊಮೆರುಲೋಸಾವೂ ಬದಲಾದೀತು. ಕುಹರದಿಂದ ಹಾರ್ಮೋನು ರಕ್ತಕ್ಕೆ ಸೋರುವ ಸಾಧ್ಯತೆಯೂ ಇದೆ. ಒಂದೇ ಇಲಿಯ ಒಂದು ಬದಿಯ ಸ್ಪ್ಲಾಂಕ್ನಿಕ್ ನರವನ್ನಷ್ಟೇ ಕತ್ತರಿಸಿ ಗ್ರೆಲಿನ್ ಕೊಟ್ಟು ನೋಡಬೇಕು: ಎರಡೂ ಗ್ರಂಥಿಗಳಿಗೆ ಹರಿಯುವ ರಕ್ತದ ಹಾರ್ಮೋನು ಒಂದೇ, ನರ ಮಾತ್ರ ಬೇರೆ. ಆಗಲೂ ಎಚ್ಚರ ಬೇಕು, ಏಕೆಂದರೆ ಆ ನರ ಗ್ರಂಥಿಯ ರಕ್ತಪ್ರವಾಹವನ್ನೂ ನಿಯಂತ್ರಿಸುತ್ತದೆ.

ಇನ್ನೊಂದು ಮಿತಿ ಪ್ರಾಣಿಯದೇ. ಕಾಡು ಇಲಿಯ ಅಡ್ರಿನಲ್ ಸಾಕಿದ ಇಲಿಯದಕ್ಕಿಂತ ದೊಡ್ಡದೆಂದು ರಾಜರ್ಸ್ ಮತ್ತು ರಿಕ್ಟರ್ 1948ರಲ್ಲಿ ಅಳೆದು ತೋರಿಸಿದರು. ಈ ಮಿತಿ ನಮ್ಮ ಹೊಲದ ಇಲಿಗಳಿಗೂ ತಟ್ಟುತ್ತದೆ: ವಾಲ್ಟರ್ ಎಲಿಯಟ್ ಧಾರವಾಡ ಸೀಮೆಯಲ್ಲಿ ಸಂಗ್ರಹಿಸಿದ ಇಲಿಗಳಿಂದಲೇ 1837ರಲ್ಲಿ ಗೊಲುಂಡಾ ಎಲಿಯಟಿ, ಮಿಲಾರ್ಡಿಯಾ ಮೆಲ್ಟಾಡಾ ಪ್ರಭೇದಗಳು ವಿಜ್ಞಾನಕ್ಕೆ ಪರಿಚಯವಾದವು. ಉದಾಹರಣೆಗೆ, ಅಕ್ಕಿಆಲೂರು ಆ ಸೀಮೆಯ ಊರೇ, 1997ರವರೆಗೆ ಧಾರವಾಡ ಜಿಲ್ಲೆಯದು. ಅಲ್ಲಿಯ ಭತ್ತ, ಗೋವಿನಜೋಳದ ಹೊಲಗಳಲ್ಲಿ ಸುಗ್ಗಿಗೂ ಬರಕ್ಕೂ ಒಗ್ಗಿ ಬದುಕುವ ಇಲಿಗೆ ಪಂಜರದ ಇಲಿಯ ಲೆಕ್ಕ ಎಷ್ಟು ಹೊಂದುತ್ತದೆ ಎಂಬ ಪ್ರಶ್ನೆಯನ್ನು ಈ ಲೇಖನ ಬಗೆಹರಿಸಲಾರದು.