ಮೈಕಿಗಿಂತ ಮೊದಲು ಕೌದಿ

"ಯಾವ ಮೈಕ್ ತಗೊಳ್ಳಲಿ?" ಮನೆಯಲ್ಲೇ ಹಾಡು ರೆಕಾರ್ಡ್ ಮಾಡೋಕೆ ಹೊರಟವರು ಮೊದಲು ಕೇಳುವ ಪ್ರಶ್ನೆ ಇದು. 5 ಸಾವಿರದ್ದು ಸಾಕಾ, 15 ಸಾವಿರದ್ದೇ ಬೇಕಾ? ನಾನು ತಿರುಗಿ ಒಂದೇ ಪ್ರಶ್ನೆ ಕೇಳ್ತೀನಿ: "ಯಾವ ರೂಮಲ್ಲಿ ಹಾಡ್ತೀರಿ?"

ಯಾಕಂದ್ರೆ ನಾವಿರೋ ಫ್ಲಾಟುಗಳನ್ನೇ ನೋಡಿ. ನೆಲಕ್ಕೆ ನುಣುಪಾದ ಟೈಲ್ಸ್, ಬೋಳು ಗೋಡೆ, ಒಂದು ಕಡೆ ಪೂರ್ತಿ ಗಾಜು. ರೂಮಿನ ಮಧ್ಯೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಚಪ್ಪಾಳೆಯ ಹಿಂದೆಯೇ 'ಠಣ್' ಅಂತ ಒಂದು ಬಾಲ ಕೇಳಿಸುತ್ತೆ. ಆ ಬಾಲ ನಿಮ್ಮ ಹಾಡಿನ ಪ್ರತಿ ಸ್ವರಕ್ಕೂ ಅಂಟಿಕೊಳ್ಳುತ್ತೆ. ಮೈಕ್ ದುಬಾರಿ ಆದಷ್ಟೂ ಆ ಬಾಲವನ್ನು ಇನ್ನಷ್ಟು ಸ್ಪಷ್ಟವಾಗಿ ಹಿಡಿದುಕೊಡುತ್ತೆ, ಅಷ್ಟೇ! ಈ ಸಮಸ್ಯೆ ಮೈಕಿಗಿಂತ ಹಳೆಯದು. ಅದರ ಪರಿಹಾರವೂ ಹಳೆಯದೇ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಾಗ್ ಆರ್ಟ್ ಮ್ಯೂಸಿಯಂ ಅನ್ನೋ ಹೊಸ ಕಟ್ಟಡ ಎದ್ದಿತು. ನೋಡೋಕೆ ಚೆಂದ. ಆದರೆ ಅದರ ಉಪನ್ಯಾಸ ಕೊಠಡಿಯಲ್ಲಿ ಮಾತಾಡಿದರೆ ಯಾರಿಗೂ ಒಂದಕ್ಷರ ಅರ್ಥವಾಗ್ತಿರಲಿಲ್ಲ. ಖಾಲಿ ಕೊಠಡಿಯಲ್ಲಿ ಆಡಿದ ಮಾತಿನ ಅನುರಣನ ಸುಮಾರು 5.5 ಸೆಕೆಂಡ್ ಉಳಿಯುತ್ತಿತ್ತು. ಅಷ್ಟರಲ್ಲಿ ಮೇಷ್ಟ್ರು ಮುಂದಿನ ಎರಡು ವಾಕ್ಯ ಹೇಳಿ ಮುಗಿಸಿರುತ್ತಿದ್ದರು. ಇದನ್ನು ಸರಿಮಾಡು ಅಂತ ವಿಶ್ವವಿದ್ಯಾಲಯ ಒಪ್ಪಿಸಿದ್ದು ಭೌತಶಾಸ್ತ್ರ ವಿಭಾಗದ 27 ವರ್ಷದ ಅಧ್ಯಾಪಕ ವ್ಯಾಲೇಸ್ ಸ್ಯಾಬಿನ್‌ಗೆ.

ಅವನ ಕೈಲಿದ್ದದ್ದು ಒಂದು ಆರ್ಗನ್ ಕೊಳವೆ, ಕಾಲ ಅಳೆಯುವ ಉಪಕರಣ, ಮತ್ತೆ ಅವನ ಕಿವಿ. ಹಗಲು ಬೀದಿಯ ಗದ್ದಲ ಅಡ್ಡಿ ಮಾಡುತ್ತೆ ಅಂತ ನಡುರಾತ್ರಿ ಕೆಲಸ. ಹತ್ತಿರದ ಸ್ಯಾಂಡರ್ಸ್ ಥಿಯೇಟರ್‌ನಿಂದ ಕುರ್ಚಿಯ ಮೆತ್ತೆಗಳನ್ನು ಹೊರಿಸಿಕೊಂಡು ಬರೋದು, ಕೊಠಡಿಯಲ್ಲಿ ಸ್ವಲ್ಪ ಸ್ವಲ್ಪವೇ ಹರಡುತ್ತಾ ಹೋಗೋದು, ಕೊಳವೆ ಊದಿಸಿ ನಿಲ್ಲಿಸಿ ಸದ್ದು ಸಾಯೋಕೆ ಎಷ್ಟು ಹೊತ್ತಾಯ್ತು ಅಂತ ಅಳೆಯೋದು, ಬೆಳಗಾಗುವಷ್ಟರಲ್ಲಿ ಮೆತ್ತೆಗಳನ್ನು ವಾಪಸ್ ಸೇರಿಸೋದು. ತಾನು ತೊಟ್ಟ ಬಟ್ಟೆ ಕೂಡ ಸದ್ದನ್ನು ಹೀರುತ್ತೆ ಅಂತ ಗೊತ್ತಾದ ಮೇಲೆ ಅಳೆಯೋಕೆ ಹೋದಾಗೆಲ್ಲ ಒಂದೇ ಥರದ ಬಟ್ಟೆ ಹಾಕ್ಕೊಳ್ತಿದ್ದ! ಮೂರು ವರ್ಷದ ಈ ರಾತ್ರಿಗಳಿಂದ ಹುಟ್ಟಿದ ಸೂತ್ರ ಸರಳ: ಕೋಣೆ ದೊಡ್ಡದಾದಷ್ಟೂ ಅನುರಣನ ಹೆಚ್ಚು, ಹೀರುವ ವಸ್ತು ಜಾಸ್ತಿಯಾದಷ್ಟೂ ಕಡಿಮೆ. 1900ರಲ್ಲಿ ಶುರುವಾದ ಬೋಸ್ಟನ್ ಸಿಂಫನಿ ಹಾಲ್ ಅನ್ನು ಇದೇ ಲೆಕ್ಕದ ಮೇಲೆ ಕಟ್ಟಿದರು. ಇವತ್ತಿಗೂ ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳ ಪಟ್ಟಿಯಲ್ಲಿ ಅದರ ಹೆಸರಿರುತ್ತೆ. ಇದೆಲ್ಲದಕ್ಕೂ ಮೂಲ ಬಂಡವಾಳ ಎರವಲು ತಂದ ಮೆತ್ತೆಗಳು.

ಎರಡನೇ ಪಾಠ ನಮ್ಮ ದೇಶದ್ದೇ. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದ ಹೋಟೆಲೊಂದರಲ್ಲಿ ತಾತ್ಕಾಲಿಕ ಸ್ಟುಡಿಯೋ ಮಾಡ್ಕೊಂಡು ಗೌಹರ್ ಜಾನ್ ಅವರ ದನಿ ಮುದ್ರಿಸಿದ. ಆಗ ಮೈಕೂ ಇಲ್ಲ, ಆಂಪ್ಲಿಫೈಯರೂ ಇಲ್ಲ. ಒಂದು ದೊಡ್ಡ ಕಹಳೆ, ಅದರ ತುದಿಯಲ್ಲಿ ತೆಳು ಪೊರೆ, ಪೊರೆಗೆ ಸೂಜಿ, ಸೂಜಿಯ ಕೆಳಗೆ ತಿರುಗುವ ಮೇಣದ ತಟ್ಟೆ. ಗಾಯಕರ ಉಸಿರಿನ ಬಲವೇ ಸೂಜಿಯನ್ನು ಅಲುಗಾಡಿಸಬೇಕು. ದೂರ ನಿಂತರೆ ತಟ್ಟೆಯ ಮೇಲೆ ಏನೂ ಮೂಡಲ್ಲ, ತೀರಾ ಹತ್ತಿರ ನಿಂತು ತಾರಸ್ಥಾಯಿ ಹಿಡಿದರೆ ಸೂಜಿ ಹಾರಿ ರೆಕಾರ್ಡಿಂಗ್ ಹಾಳು. ಹಾಗಾಗಿ ಆ ಕಾಲದ ಗಾಯಕರು ಮೆಲುದನಿಗೆ ಕಹಳೆಯತ್ತ ಬಾಗಿ, ಏರುದನಿಗೆ ಹಿಂದೆ ಸರಿದು ಹಾಡೋದನ್ನ ಕಲೀಬೇಕಾಯ್ತು. ಹೆಚ್ಚುಕಮ್ಮಿ ಮೂರು ನಿಮಿಷದಲ್ಲಿ ಎಲ್ಲ ಮುಗೀಬೇಕು. ಕೊನೆಗೆ ಗೌಹರ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಾರೆ. ತಟ್ಟೆಗಳನ್ನು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ಅಲ್ಲಿಯವರಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಲ್ಲ!

ಈ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು 1928ರಲ್ಲಿ ಆಸ್ಥಾನಕ್ಕೆ ಕರೆಸಿಕೊಂಡರು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಅವರ ಕಛೇರಿಗಳನ್ನು ಎದುರು ಕೂತು ಕೇಳಿದ ಯಾರೂ ಇವತ್ತಿಲ್ಲ. ಉಳಿದಿರೋದು ಆ ಪುಟ್ಟ ಮುದ್ರಣಗಳು ಮಾತ್ರ. ಕಹಳೆಯಿಂದ ಎಷ್ಟು ದೂರ ನಿಲ್ಲಬೇಕು ಅನ್ನೋದನ್ನ ಅವತ್ತು ಯಾರೋ ತಲೆಕೆಡಿಸಿಕೊಂಡು ನೋಡಿದ್ದಕ್ಕೆ ಅವೂ ಉಳಿದವು.

1925ರ ಹೊತ್ತಿಗೆ ಎಲೆಕ್ಟ್ರಿಕ್ ರೆಕಾರ್ಡಿಂಗ್ ಬಂತು, ಪಿಸುಮಾತನ್ನೂ ಮೈಕ್ ಹಿಡಿಯತೊಡಗಿತು. ಆದರೆ ದೂರದ ಲೆಕ್ಕ ಬದಲಾಗಲಿಲ್ಲ. ನೀವು ಮೈಕಿನಿಂದ ಎರಡು ಪಟ್ಟು ದೂರ ಹೋದರೆ ನಿಮ್ಮಿಂದ ನೇರವಾಗಿ ತಲುಪುವ ದನಿ 6 ಡೆಸಿಬಲ್ ಇಳಿಯುತ್ತೆ. ಗೋಡೆಗಳಿಂದ ವಾಪಸ್ ಬರೋ ಸದ್ದು ಮಾತ್ರ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ದೂರ ಹೋದಷ್ಟೂ ರೂಮು ಗೆಲ್ಲುತ್ತೆ, ಹತ್ತಿರ ಬಂದಷ್ಟೂ ನೀವು ಗೆಲ್ತೀರಿ.

ಮನೆ ರೆಕಾರ್ಡಿಂಗ್ ಅಂದಾಗ ನಂಗೆ ಮೊದಲು ನೆನಪಾಗೋದು ಬ್ರೂಸ್ ಸ್ಪ್ರಿಂಗ್‌ಸ್ಟೀನ್. 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಬಾಡಿಗೆ ಮನೆಯೊಂದರ ಬೆಡ್‌ರೂಮಲ್ಲಿ ಕೂತು, ಟಾಸ್ಕಾಮ್ ಪೋರ್ಟಾಸ್ಟುಡಿಯೋ ಅನ್ನೋ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ, ಶೂರ್ ಎಸ್‌ಎಂ57 ಅನ್ನೋ ಸಾಧಾರಣ ಮೈಕುಗಳಿಟ್ಟು ಹಾಡುಗಳನ್ನು ತುಂಬಿಸಿದ. ನೆಲಕ್ಕೆ ದಪ್ಪ ಕೂದಲಿನ ಕಿತ್ತಳೆ ಬಣ್ಣದ ಕಾರ್ಪೆಟ್. ಇದು ಬರೀ ಡೆಮೊ, ಬ್ಯಾಂಡಿಗೆ ಕೇಳಿಸೋಕೆ ಅಂತ ಮಾಡಿದ್ದು. ಆಮೇಲೆ ಒಳ್ಳೆ ಸ್ಟುಡಿಯೋದಲ್ಲಿ ಬ್ಯಾಂಡಿನ ಜೊತೆ ಅದೇ ಹಾಡುಗಳನ್ನು ಮತ್ತೆ ಮಾಡಿ ನೋಡಿದರು. ಕ್ಯಾಸೆಟ್ಟಿನಲ್ಲಿದ್ದ ಜೀವ ಅಲ್ಲಿ ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟೇ 'ನೆಬ್ರಾಸ್ಕಾ' ಅನ್ನೋ ಆಲ್ಬಮ್ ಆಗಿ ಹೊರಬಂತು.

ಆ ಆಲ್ಬಮಿನಲ್ಲಿ ಎಕೋ ಧಾರಾಳವಾಗಿದೆ. ಆದರೆ ಅದು ಗೋಡೆಯಿಂದ ತಾನಾಗಿ ಬಂದದ್ದಲ್ಲ, ಮಿಕ್ಸ್ ಮಾಡುವಾಗ ಎಕೋಪ್ಲೆಕ್ಸ್ ಯಂತ್ರದಿಂದ ಬೇಕೆಂದೇ ಸೇರಿಸಿದ್ದು. ಹೊಸಬರು ಮನಸ್ಸಿಗೆ ತಗೋಬೇಕಾದ ವ್ಯತ್ಯಾಸ ಇದೇ. ಎಕೋ ಬೇಕಿದ್ರೆ ಆಮೇಲೆ ಎಷ್ಟು ಬೇಕಾದರೂ ಹಾಕಬಹುದು. ದನಿಯ ಒಳಗೆ ಸೇರಿಹೋದ ರೂಮನ್ನು ಮಾತ್ರ ಪೂರ್ತಿ ಹೊರಗೆ ತೆಗೆಯೋಕಾಗಲ್ಲ. ಈಗಿನ ಸಾಫ್ಟ್‌ವೇರ್ ಸ್ವಲ್ಪ ಮಟ್ಟಿಗೆ ತೆಗೆಯುತ್ತೆ, ಜೊತೆಗೆ ದನಿಯನ್ನೂ ಒಂಚೂರು ಕೆರೆದುಬಿಡುತ್ತೆ.

ಇದೆಲ್ಲ ನನಗೆ ಕೆಲಸಕ್ಕೆ ಬಂದದ್ದು ಹೋದ ವರ್ಷ. ಜೊತೆಯಲ್ಲಿ ಕೆಲಸ ಮಾಡೋ ಗೆಳೆಯನೊಬ್ಬನ ತಾಯಿ ಹದಿನೈದು ದಿನಕ್ಕೆ ಅಂತ ಬೆಂಗಳೂರಿಗೆ ಬಂದಿದ್ದರು. ವಯಸ್ಸು ಎಪ್ಪತ್ತು ದಾಟಿದೆ. ಹಸೆಗೆ ಕರೆಯುವ ಹಾಡು, ಬೀಸೋ ಕಲ್ಲಿನ ಹಾಡು, ತೊಟ್ಟಿಲ ಹಾಡು, ಎಲ್ಲ ಬಾಯಲ್ಲೇ ಇವೆ, ಎಲ್ಲೂ ಬರೆದಿಟ್ಟಿಲ್ಲ. ಇವನಿಗೆ ಅದನ್ನು ಉಳಿಸ್ಕೋಬೇಕು. ಹೊಸ ಮೈಕ್ ಆರ್ಡರ್ ಮಾಡೋಕೆ ಹೊರಟಿದ್ದವನನ್ನು ತಡೆದು, ಅವನ ಹಳೇ ಯುಎಸ್‌ಬಿ ಮೈಕೇ ಸಾಕು ಅಂದೆ. ಹಾಲ್ ಬಿಟ್ಟು, ಹಾಸಿಗೆಯೂ ಬಟ್ಟೆ ತುಂಬಿದ ಬೀರುವೂ ಇರೋ ಬೆಡ್‌ರೂಮಿಗೆ ಹೋದ್ವಿ. ಬೀರುವಿನ ಬಾಗಿಲು ತೆರೆದಿಟ್ವಿ. ಅಮ್ಮ ಊರಿಂದ ತಂದಿದ್ದ ಎರಡು ಕೌದಿಗಳನ್ನು ಅವರ ಬೆನ್ನ ಹಿಂದೆ, ಗೋಡೆಯಿಂದ ಸ್ವಲ್ಪ ಮುಂದಕ್ಕೆ, ಬಟ್ಟೆ ಒಣಗಿಸೋ ಸ್ಟ್ಯಾಂಡಿನ ಮೇಲೆ ಇಳಿಬಿಟ್ವಿ. ಕೌದಿ ಬೆನ್ನ ಹಿಂದೆ ಯಾಕಂದ್ರೆ ಇಂಥ ಮೈಕು ತನ್ನ ಎದುರಿನ ಸದ್ದನ್ನು ಜಾಸ್ತಿ ಕೇಳುತ್ತೆ, ಅದರ ಎದುರಿಗಿರೋದು ಹಾಡುವವರು ಮತ್ತು ಅವರ ಹಿಂದಿನ ಗೋಡೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸೋ ಸಲಹೆ ನೀವೂ ಕೇಳಿರಬಹುದು, ಅಷ್ಟು ಹಗುರ ರಟ್ಟು ಹೀರೋದು ತೀರಾ ಕಮ್ಮಿ. ಪದರ ಪದರವಾಗಿ ಹೊಲಿದ ಹಳೇ ಸೀರೆಗಳೇ ಮೇಲು. ಆದರೆ ಕೌದಿಗೂ ಮಿತಿ ಇದೆ, ತಗ್ಗಿನ ಗುಂಯ್‌ಗುಡುವ ಸದ್ದನ್ನು ಅದು ಹೀರಲ್ಲ. ಅದಕ್ಕೇ ಮೂಲೆಯಲ್ಲೂ ಕೂರಿಸಲಿಲ್ಲ, ರೂಮಿನ ನಟ್ಟನಡುವೆಯೂ ಕೂರಿಸಲಿಲ್ಲ.

ಮೈಕ್ ಬಾಯಿಂದ ಒಂದು ಗೇಣು ದೂರ, ಉಸಿರು ನೇರ ಬಡಿಯದ ಹಾಗೆ ಒಂಚೂರು ಓರೆಯಾಗಿ. ಇನ್ನೂ ಹತ್ತಿರ ಇಟ್ಟರೆ ದನಿ ಅನಗತ್ಯವಾಗಿ ದಪ್ಪಗಾಗುತ್ತೆ. ಫ್ಯಾನ್ ಆಫ್, ಫೋನ್ ಹೊರಗೆ. ಅವರು ಎತ್ತರಕ್ಕೆ ಏರಿದಾಗಲೂ ಮೀಟರ್ ಮೈನಸ್ 6 ದಾಟದ ಹಾಗೆ ಮಟ್ಟ ಇಳಿಸಿಟ್ವಿ, ಮೇಲಕ್ಕೆ ಬಡಿದು ಒಡೆದ ದನಿ ಮತ್ತೆ ಕೂಡಿಕೊಳ್ಳಲ್ಲ.

ಒಂದು ರೂಪಾಯಿ ಖರ್ಚಾಗಲಿಲ್ಲ. ಮೂರು ಸಂಜೆಗಳಲ್ಲಿ ಹನ್ನೊಂದು ಹಾಡು. ಕೇಳಿದರೆ ಅವರು ಪಕ್ಕದಲ್ಲೇ ಕೂತಿದ್ದಾರೆ ಅನ್ಸುತ್ತೆ, ಸಾಲಿನ ಮಧ್ಯೆ ಉಸಿರು ಎಳ್ಕೊಳ್ಳೋದೂ ಕೇಳುತ್ತೆ. ಹೆಡ್‌ಫೋನ್ ಹಾಕಿ ಕೇಳಿಸಿದಾಗ ಅವರು ಅಂದದ್ದು: "ನಮ್ಮವ್ವ ಹಾಡಿದಂಗೇ ಐತಲ್ಲೋ."

ನಿಮ್ಮ ಮನೆಯಲ್ಲೂ ಹೀಗೆ ಹಾಡೋರು ಇದ್ದರೆ, ಮೈಕಿಗೆ ದುಡ್ಡು ಕೂಡಿಡ್ತಾ ಕೂರಬೇಡಿ. ಈ ಭಾನುವಾರ ಅಟ್ಟದ ಮೇಲಿನ ಕೌದಿ ಇಳಿಸಿ.