ಕಾಕಾನ ಎನ್‌ಲಾರ್ಜರು, ಅಜ್ಜಿ ಫೋಟೋ

ಮೊನ್ನೆ ಅಟ್ಟ ಸ್ವಚ್ಛ ಮಾಡಬೇಕಾದ್ರ ನಮ್ಮ ಕಾಕಾನ ಎನ್‌ಲಾರ್ಜರ್ ಕೆಳಗ ಇಳೀತು. ಒಂದು ಹಲಗಿ, ಅದರ ಮ್ಯಾಲೆ ನೆಟ್ಟಗ ಒಂದು ಕಂಬ, ಕಂಬಕ್ಕ ಜೋತುಬಿದ್ದ ದೊಡ್ಡದೊಂದು ತಲಿ. ನಮ್ಮಾಕಿ ನೋಡಿದಾಕಿನ "ಮೋಡಕಾದವಂಗ ಕೊಡ್ರಿ, ಹತ್ತು ಕೇಜಿ ಕಬ್ಬಣರೆ ಆದೀತು" ಅಂದ್ಲು. ಕೊಟ್ಟೂ ಬಿಡ್ತಿದ್ದೆ, ಆದ್ರ ಅದರ ಜೊತಿಗೆ ನೆಗೆಟಿವ್ ತುಂಬಿದ ಒಂದು ಬಿಸ್ಕೀಟ್ ಡಬ್ಬಿ ಬಂತು.

ಈಗಿನ ಹುಡುಗರಿಗೆ ಹೇಳಬೇಕಂದ್ರ ಇದು ಕೆಳಗ ಮುಖಾ ಮಾಡಿದ ಸಿನೆಮಾ ಮಷೀನ್ ಇದ್ದಂಗ. ಮ್ಯಾಲೆ ಬಲ್ಬು, ಅದರ ಕೆಳಗ ಕಂಡೆನ್ಸರ್ ಅನ್ನೋ ದಪ್ಪ ಕಾಜು, ಆಮ್ಯಾಲೆ ನೆಗೆಟಿವ್, ಮಡಿಕಿ ಮಡಿಕಿ ಬೆಲ್ಲೋಸ್, ತುದಿಗೆ ಲೆನ್ಸ್. ಹಲಗಿ ಮ್ಯಾಲೆ ಬ್ರೋಮೈಡ್ ಕಾಗದ.

ಮೊದಲ ನೆಗೆಟಿವ್ ಎಷ್ಟು ದೊಡ್ಡದೋ ಫೋಟೋನೂ ಅಷ್ಟ ಇರ್ತಿತ್ತು. ಕಾಗದದ ಮ್ಯಾಲೆ ಕಾಜಿನ ಪ್ಲೇಟ್ ಇಟ್ಟು ಬಿಸಲಿಗೆ ಹಿಡಿಯೋದು, ಮುಗೀತು. 1857ರಾಗ ಅಮೆರಿಕಾದ ಬಾಲ್ಟಿಮೋರ್ ಊರಿನ ಡೇವಿಡ್ ವುಡ್‌ವರ್ಡ್ ಅನ್ನೋ ಚಿತ್ರಕಾರ ಸೋಲಾರ್ ಕ್ಯಾಮೆರಾಕ್ಕ ಪೇಟೆಂಟ್ ತೊಗೊಂಡ. ಸೂರ್ಯನ ಬೆಳಕನ್ನ ಒಳಗ ಎಳಕೊಂಡು ಫೋಟೋ ದೊಡ್ಡದು ಮಾಡೋ ಯುಕ್ತಿ. ಸೂರ್ಯ ಸರದಂಗ ಮಷೀನನ್ನೂ ಸರಸಕೋತ ನಿಂದರಬೇಕು. ಎನ್‌ಲಾರ್ಜರ್ ಅಳ್ಳಾಡೋ ರೋಗ ಹುಟ್ಟಿನಿಂದಲೇ ಬಂದದ್ದು ಅನ್ನರಿ. ಮುಂದ ಚುರುಕಾದ ಬ್ರೋಮೈಡ್ ಕಾಗದ ಬಂತು, ಕರೆಂಟ್ ಬಂತು. 1925ರಾಗ ಲೈಪ್‌ಜಿಗ್ ಮೇಳದಾಗ ಲೈಕಾ ಕ್ಯಾಮೆರಾ ಬಂತು. ಅದರ ನೆಗೆಟಿವ್ ಬರೇ 24x36 ಮಿಲಿಮೀಟರ್, ಅಷ್ಟರಾಗ ಯಾರ ಮುಖಾ ಕಾಣಬೇಕು? ಎನ್‌ಲಾರ್ಜರ್ ಇಲ್ಲದ ನಡೀದಂಗಾತು. ಇಟಲಿಯ ಬ್ರಿಕ್ಸೆನ್‌ದಾಗ ಡರ್ಸ್ಟ್ ಅಣ್ಣತಮ್ಮಂದಿರು 1936ರಾಗ ಕಂಪನಿ ತಗದ್ರು, ಚೆಕೊಸ್ಲೊವಾಕಿಯಾದ ಮೆಯೊಪ್ಟಾನೂ ಮಾಡ್ತು. ಲೈಟ್ಸ್ ಕಂಪನಿ ಫೋಕೊಮ್ಯಾಟ್‌ದಾಗಂತೂ ತಲಿ ಏರಿಸಿ ಇಳಿಸಿದಂಗ ಫೋಕಸ್ ತಾನ ಕೂಡತಿತ್ತು.

ಕಾಕಾಂದು ಅಂಥಾ ಠೀವಿದಲ್ಲ. ಹೆಸರಿನ ಪಟ್ಟಿ ಯಾವಾಗೋ ಕಿತ್ತು ಹೋಗ್ಯದ. ಬಚ್ಚಲಮನಿನ ಅವನ ಡಾರ್ಕ್‌ರೂಮ್. ಕೆಂಪು ಬಲ್ಬು ಹತ್ತಿದ್ರ ಮನಿ ಮಂದಿಗೆ ಸ್ನಾನ ಬಂದ್.

ಇವು ಮುದಿಯಾದಂಗ ಮನಷ್ಯಾರಂಗ ಒಂದೊಂದ ಕೀಲು ಬಿಡ್ತಾವ. ತಲಿ ಭಾರ ಹೊರಲಿಕ್ಕೆ ಒಳಗೊಂದು ಸ್ಪ್ರಿಂಗ್ ಇರ್ತದ. ಅದು ಸಡ್ಲ ಆತಂದ್ರ ತಲಿ ತಾನ ಕೆಳಗ ಜಾರ್ತದ. (ಯಾರರೆ ಬಿಚ್ಚೋರಿದ್ರ ಹುಷಾರ್! ತಲಿ ತಗದಕೂಡ್ಲೆ ಸ್ಪ್ರಿಂಗ್ ಚಿಮ್ಮಿ ಬೆರಳ ಮುರೀತದ.) ಫೋಕಸ್ ತಿರುವೋ ಗಾಲಿಯ ರಬ್ಬರ್ ಕಲ್ಲಾಗಿ ಜಾರ್ತದ, ಹಳೇ ಗ್ರೀಸ್ ಗೋಂದಾಗ್ತದ. ಬೆಲ್ಲೋಸಿನ ಮಡಿಕಿ ಮೂಲ್ಯಾಗ ಸೂಜಿ ಚುಚ್ಚಿದಂಥಾ ತೂತು ಬಿದ್ದು, ಅಲ್ಲಿಂದ ಬೆಳಕ ಸೋರಿ ಕಾಗದ ಮಬ್ಬಾಗ್ತದ. ಹೊರಗಿಂದ ನೋಡಿದ್ರ ತೂತು ಕಾಣಂಗಿಲ್ಲ. ಕತ್ತಲ್ಯಾಗ ಒಳಗ ಬ್ಯಾಟರಿ ಹಚ್ಚಿದ್ರ ಚುಕ್ಕಿ ಮಿಣಕ್ತಾವ. ಕಂಡೆನ್ಸರಿಗೆ ಮಳಿಗಾಲದಾಗ ಬೂಸ್ಟ್ ಬರ್ತದ.

ಎಲ್ಲಾಕಿಂತ ಕೆಟ್ಟ ರೋಗ ಅಂದ್ರ ಸೊಟ್ಟ ಆಗೋದು. ನೆಗೆಟಿವ್, ಲೆನ್ಸ್, ಹಲಗಿ ಮೂರೂ ಸಮಾನಾಂತರ ಇರಬೇಕು. ಕೂದಲೆಳಿಯಷ್ಟು ವಾರಿ ಆದ್ರೂ ಫೋಟೋದ ಒಂದು ಬಾಜೂ ಖಡಕ್, ಇನ್ನೊಂದು ಬಾಜೂ ಮಬ್ಬು.

ನಮ್ಮನಿ ಪಡಸಾಲ್ಯಾಗ ಅಂಥಾದ್ದೇ ಒಂದು ಫೋಟೋ ಅದ. ಎಡಕ್ಕ ಅಜ್ಜ, ಮೀಸಿ ಎಣಸಬಹುದು. ಬಲಕ್ಕ ಅಜ್ಜಿ, ಮುಖಾನ ಗೊತ್ತಾಗಂಗಿಲ್ಲ. ಅಜ್ಜಿದು ಇರೋದ ಅದೊಂದು. "ಆಕಿ ಒಂದ ಕ್ಷಣ ಸುಮ್ನ ಕೂತಾಕಿ ಅಲ್ಲ, ಅಳ್ಳಾಡ್ಯಾಳ" ಅಂತ ಅಜ್ಜ ಸಾಯೋತನಕ ಅಂದ. ನಾವೂ ಅದನ್ನ ಅನಕೋತ ಬಂದ್ವಿ.

ಬಿಸ್ಕೀಟ್ ಡಬ್ಬ್ಯಾಗ ಅದರ ನೆಗೆಟಿವ್ ಇತ್ತು, 6x6 ಅಳತಿದು. ಕಿಡಕಿಗೆ ಹಿಡದು ಭೂತಗನ್ನಡಿಲೆ ನೋಡಿದೆ. ಅಜ್ಜಿ ನತ್ತಿನ ಮುತ್ತು ಸುದ್ಧಾ ಕಂಡವು.

ನನಗ ನಂಬಿಕಿ ಬರಲಿಲ್ಲ. ಎನ್‌ಲಾರ್ಜರಿಗೆ ಬಿಳೇ ಬಲ್ಬು ಹಾಕಿ, ಹಲಗಿ ಮ್ಯಾಲೆ ಬಿಳೇ ಹಾಳಿ ಇಟ್ಟೆ. ಪಡಸಾಲಿ ಫೋಟೋದಂಗ, ಅಜ್ಜ ಖಡಕ್, ಅಜ್ಜಿ ಮಬ್ಬು. ನೆಗೆಟಿವ್ ತಗದು ಅರ್ಧ ಸುತ್ತು ತಿರುವಿ ಇಟ್ಟೆ. ಈಗ ಅಜ್ಜಿ ಖಡಕ್, ಅಜ್ಜ ಮಬ್ಬು! ಅಜ್ಜಿ ಅಳ್ಳಾಡಿದ್ರ ನೆಗೆಟಿವ್ ಹೆಂಗ ತಿರುವಿದ್ರೂ ಆಕಿನ ಮಬ್ಬಾಗಬೇಕಿತ್ತು.

ತಲಿಯನ್ನ ಗ್ವಾಡಿ ಕಡೆ ತಿರುವಿ ದೊಡ್ಡ ದೊಡ್ಡ ಫೋಟೋ ಮಾಡಲಿಕ್ಕೆ ಒಂದು ಬೋಲ್ಟ್ ಇರ್ತದ. ಕಾಕಾ ಯಾವುದೋ ಸ್ವಾಮಿಗಳ ಆಳೆತ್ತರದ ಚಿತ್ರಾ ಮಾಡಿದ ಮ್ಯಾಲೆ ಅದು ಪೂರ್ತಿ ಬಿಗಿ ಆಗಿದ್ದಿಲ್ಲ. ಲೆನ್ಸಿನ ಬಾಯಿ ಸಣ್ಣ ಮಾಡಿದ್ರ ತಪ್ಪು ಒಂದಿಷ್ಟು ಮುಚ್ಚಿಹೋಗ್ತಿತ್ತು. ಆದ್ರ ಸಂಜೀಕೆ ವೋಲ್ಟೇಜ್ ಬಿದ್ದು ಬಲ್ಬು ಮಂಕಾದಾಗ ಕಾಕಾ ಬಾಯಿ ಪೂರಾ ತಗೀತಿದ್ದ. ಪಾಪ, ಅವನೂ ಏನ್ ಮಾಡ್ಯಾನು.

ಗೌಂಡಿಯವನ ರಸಮಟ್ಟ ತಂದು ಬೋಲ್ಟ್ ಬಿಗದೆ. ಒಂದ ಬಾಜೂ ಹಳೇ ಲಗ್ನಪತ್ರಿಕಿ ತುಂಡು ಮಡಚಿ ಇಡಬೇಕಾತು. ಮತ್ತ ಬಲ್ಬು ಹಚ್ಚಿದಾಗ ಇಬ್ಬರೂ ಬಾಜೂಬಾಜೂಕ ಖಡಕ್ ಕೂತಿದ್ರು, ಕರೇದು ಬಿಳೇದಾಗಿ, ಬಿಳೇದು ಕರೇದಾಗಿ. ನಮ್ಮಾಕಿ ಬಂದು ಬಗ್ಗಿ ನೋಡಿ "ನತ್ತು ಇದ ಏನು, ನಮ್ಮ ಅತ್ತಿಯವರು ನನಗ ಕೊಟ್ಟದ್ದು?" ಅಂದ್ಲು. ಮೋಡಕಾದವ ಅವತ್ತ ಎರಡು ಸಲ ಓಣ್ಯಾಗ ಕೂಗಿ ಹೋದ.