ಕೊಬ್ಬರಿ ಸೀಮೆಯ ಕೈಗಡಿಯಾರ

ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಅಲ್ಲಾಡಿಸಿ, ಒಳಗಿನ ಉಂಡೆ ಕೊಬ್ಬರಿಯ ಸದ್ದು ಕೇಳಿದ ಮೇಲೆಯೇ ಸುಲಿಯುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೂಢಿ. ಇದೇ ಜಿಲ್ಲೆಯಲ್ಲಿ ತಯಾರಾಗುತ್ತಿದ್ದ ಇನ್ನೊಂದು ಸರಕನ್ನು ಕೊಳ್ಳುವವರಿಗೂ ಇಂದು ಅಂಥದೇ ಎಚ್ಚರ ಬೇಕು. ಅದು ಎಚ್‌ಎಂಟಿ ಕೈಗಡಿಯಾರ.

ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಗಡಿಯಾರ ಕಾರ್ಖಾನೆ 1961ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. 1978ರಲ್ಲಿ ತುಮಕೂರಿಗೂ ಕಾರ್ಖಾನೆ ಬಂತು. ದಿನವೂ ಕೀಲಿ ಕೊಡಬೇಕಾದ ‘ಜನತಾ’ದಂಥ ಗಡಿಯಾರಗಳು ಮದುವೆಯಲ್ಲಿ ಅಳಿಯನಿಗೆ ಸಲ್ಲುವ ಉಡುಗೊರೆಯಾದವು. 1980ರ ದಶಕದ ಕೊನೆಯಲ್ಲಿ ಟೈಟಾನಿನ ಕ್ವಾರ್ಟ್ಜ್ ಗಡಿಯಾರಗಳು ಮಾರುಕಟ್ಟೆಗೆ ಬಂದ ಮೇಲೆ ಎಚ್‌ಎಂಟಿಯ ಬೇಡಿಕೆ ಕುಸಿಯಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ನೀಡಿತು.

ತಯಾರಿಕೆ ನಿಂತ ಮೇಲೆ ಹಳೆಯದಕ್ಕೆ ಬೆಲೆ ಬಂತು; ಬೆಲೆಯ ಹಿಂದೆಯೇ ಮೋಸವೂ ಬಂತು. ಹಲವು ಗಡಿಯಾರಗಳ ಬಿಡಿಭಾಗಗಳನ್ನು ಜೋಡಿಸಿ, ಹೊಸದಾಗಿ ಅಚ್ಚು ಹಾಕಿದ ಡಯಲ್ ಕೂರಿಸಿ, ‘ಅಜ್ಜನ ಕಾಲದ್ದು’ ಎಂದು ಅಂತರ್ಜಾಲದಲ್ಲಿ ಮಾರುವುದುಂಟು. ನಲವತ್ತು ವರ್ಷದ ಗಡಿಯಾರದ ಡಯಲ್ ಥಳಥಳಿಸುತ್ತಿದ್ದರೆ ಅನುಮಾನಿಸಬೇಕು. ಹಿಂಬದಿ ಮುಚ್ಚಳ ತೆಗೆದು ಯಂತ್ರದ ಚಿತ್ರ ತೋರಿಸುವಂತೆ ಕೇಳಬೇಕು. ಸಾಧ್ಯವಿದ್ದರೆ ನಂಬಿಕೆಯ ರಿಪೇರಿಯವರ ಅಂಗಡಿಯಲ್ಲೇ ಮಾರುವವರನ್ನು ಭೇಟಿಯಾಗಿ, ಅಲ್ಲೇ ತೆರೆಸಿ ನೋಡಿ ಹಣ ಕೊಡುವುದು ಕ್ಷೇಮ. ಮುಂಗಡ ಕಳಿಸುವ ಆತುರ ಬೇಡ. ಹಿಂಬದಿಯ ಸಂಖ್ಯೆ, ಮಾರುವವರ ಹೆಸರು, ವಿಳಾಸ ಬರೆದ ರಸೀದಿ ಇರಲಿ. ಸ್ವಿಸ್ ಗಡಿಯಾರಕ್ಕೆ ಲಕ್ಷಗಟ್ಟಲೆ ಸುರಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಇಷ್ಟಾಗಿಯೂ, ಹೊರಗೆ ಹುಡುಕುವ ಮುನ್ನ ಮನೆಯ ಹಳೇ ಟ್ರಂಕನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು. ಅಜ್ಜನ ನಿಜವಾದ ಗಡಿಯಾರ ಅಲ್ಲೇ ಕೀಲಿಗಾಗಿ ಕಾದು ಕುಳಿತಿರಬಹುದು.